ಬಿಟ್ಟ ಹಾಳೆ

"ಆಪಾದನೆಯನ್ನು ಓದಿ ಮುಗಿಸಿದ ಮೇಲೆ ನ್ಯಾಯಾಧಿಪತಿಯು ಸಾಕ್ಷಿಗಳ ಪ್ರಮಾಣವನ್ನು ನೋಡತಕ್ಕದ್ದು, ನೋಡಿದ ಮೇಲೆ ತೀರ್ಪು ಕೊಡತಕ್ಕದ್ದು" ಎಂದು ಲಿಪಿಕಾರ ಪಿಯರ್ಸ್ ಪುಸ್ತಕದಿಂದ ಓದುತ್ತಿದ್ದ. ಕೈಕೋಳ ತೊಟ್ಟು ಕಟಕಟೆಯಲ್ಲಿ ನಿಂತಿದ್ದ ಎವರಾರ್ಡ್ ಪ್ರಭುವಿನ ತುಟಿಗಳು ತಮಗೆ ತಾವೇ ಅದರ ಜೊತೆಗೆ ಅಲುಗುತ್ತಿದ್ದವು. ವಾಕ್ಯ ಅವನದೇ. ಎರಡನೆಯ 'ನೋಡಿದ ಮೇಲೆ' ಇಡಬೇಕೋ ಬೇಡವೋ ಎಂದು ಒಂದು ಇಡೀ ಬೆಳಗ್ಗೆ ಯೋಚಿಸಿದ್ದು ಅವನಿಗೆ ಈಗಲೂ ನೆನಪಿತ್ತು.

ಇಂಗ್ಲೆಂಡಿನ ಶ್ರೀಮಂತರಲ್ಲಿ ಹೆಚ್ಚಿನವರಿಗೆ ತಮ್ಮ ಹೆಸರು ಬರೆಯುವುದೇ ದೊಡ್ಡ ವಿದ್ಯೆ. ಅಂಥವರ ನಡುವೆ ಎವರಾರ್ಡ್ ಇಟಲಿಯ ಪಾದುವಾದಲ್ಲಿ ಮೂರು ವರ್ಷ ಓದಿ, ಎರಡು ಹೇಸರಗತ್ತೆ ಹೊರುವಷ್ಟು ಪುಸ್ತಕ ತಂದವನು. ಬೇಟೆಗೆ ಕರೆದರೆ ನೆಗಡಿ ಎನ್ನುತ್ತಿದ್ದ. ಲ್ಯಾಟಿನ್ನಿನಿಂದ ಮೂರು, ಫ್ರೆಂಚಿನಿಂದ ಎರಡು ಪುಸ್ತಕಗಳನ್ನು ಇಂಗ್ಲಿಷಿಗೆ ತಂದಿದ್ದ. ಆ ಐದರಲ್ಲಿ ನಾಲ್ಕನ್ನು ಯಾರೂ ಓದಲಿಲ್ಲ. ಐದನೆಯದನ್ನು ಮಾತ್ರ ದೊರೆ ಓದಿಸಿ ಕೇಳಿದ. ಅದು ಇಟಲಿಯ ಪಂಡಿತನೊಬ್ಬ ಬರೆದ ನ್ಯಾಯದ ಪುಸ್ತಕ. ಹನ್ನೆರಡು ಜನ ಪಂಚರನ್ನು ಕೂರಿಸಿ ಅವರ ಬಾಯಿಂದ ತೀರ್ಮಾನ ಬರಲೆಂದು ಕಾಯುವ ಇಂಗ್ಲೆಂಡಿನ ಕ್ರಮ ಅದರಲ್ಲಿರಲಿಲ್ಲ. ಒಬ್ಬನೇ ನ್ಯಾಯಾಧಿಪತಿ, ಒಂದೇ ದಿನ. ದಂಗೆಕೋರರಿಂದ ಸೆರೆಮನೆ ತುಂಬಿಹೋಗಿದ್ದ ಕಾಲ. ದೊರೆ ಎವರಾರ್ಡನನ್ನೇ ಆ ಪೀಠದಲ್ಲಿ ಕೂರಿಸಿದ. ಆರು ವರ್ಷಗಳಲ್ಲಿ ಇಪ್ಪತ್ತಮೂರು ತಲೆಗಳು ಉರುಳಿದವು.

ಈಗ ಆ ದೊರೆ ಸಮುದ್ರ ದಾಟಿ ಓಡಿಹೋಗಿದ್ದ. ಹೊಸ ದೊರೆಯ ಕಡೆಯವರು ಎಲ್ಲವನ್ನೂ ಬದಲಾಯಿಸಿದರೂ ಆ ಪೀಠವನ್ನು, ಪುಸ್ತಕವನ್ನು, ಅದನ್ನು ಓದುವ ಲಿಪಿಕಾರ ಪಿಯರ್ಸನನ್ನು ಹಾಗೆಯೇ ಉಳಿಸಿಕೊಂಡರು. ಅನುಕೂಲದ ವಸ್ತುವನ್ನು ಯಾರು ಬಿಸಾಡುತ್ತಾರೆ? ಪೀಠದ ಮೇಲಿದ್ದವನು ರಾಲ್ಫ್ ಡೆನ್‌ಹೋಮ್, ಮೂವತ್ತು ದಾಟದ ಗಂಡಸು. ಅವನ ಅಪ್ಪ ಸರ್ ಆಡಮ್, ಇಪ್ಪತ್ತಮೂರರಲ್ಲಿ ಒಂಬತ್ತನೆಯವನು. ಎವರಾರ್ಡನ ಮೇಲಿದ್ದ ಆಪಾದನೆ ಆ ಇಪ್ಪತ್ತಮೂರು ತಲೆಗಳದೇ.

ಓದು ಮುಗಿಯಿತು. ರಾಲ್ಫ್ ಗರಿಯನ್ನು ಶಾಯಿಗೆ ಅದ್ದಿದ.

"ನಾನೊಂದು ಮಾತು ಹೇಳೋದಿದೆ" ಎಂದ ಎವರಾರ್ಡ್.

"ಆಪಾದಿತ ಮಾತಾಡ್ಬೇಕು ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ವಲ್ಲ, ಪ್ರಭುಗಳೇ."

ಹಿಂದೆ ನಿಂತಿದ್ದ ಜನರಲ್ಲಿ ಯಾರೋ "ಮಾಡಿದ್ದುಣ್ಣೋ ಮಾರಾಯ" ಎಂದರು. ಕೆಲವರು ನಕ್ಕರು.

"ಮೂಲದಲ್ಲಿದೆ" ಎಂದ ಎವರಾರ್ಡ್. ತೀರ್ಪಿಗೆ ಮುಂಚೆ ಆಪಾದಿತನಿಗೆ ಮಾತಾಡಲು ಬಿಡಬೇಕು, ತಾನೇ ಸಾಕು ಎನ್ನುವ ತನಕ ಅವನ ಮಾತು ಕೇಳಬೇಕು, ಅಲ್ಲಿಯವರೆಗೆ ನ್ಯಾಯಾಧಿಪತಿ ಲೇಖನಿ ಮುಟ್ಟಕೂಡದು ಎಂದು ಲ್ಯಾಟಿನ್ ಪುಸ್ತಕದಲ್ಲಿ ಒಂದು ಇಡೀ ಹಾಳೆ ಇದೆ ಎಂದು ವಿವರಿಸಿದ. ಮೂಲ ಪ್ರತಿ ತನ್ನ ಮನೆಯ ಕಪಾಟಿನಲ್ಲೇ ಇದೆ, ಬೇಕಾದರೆ ತರಿಸಿ ನೋಡಬಹುದು ಎಂದ.

ರಾಲ್ಫ್ ಗರಿಯನ್ನು ಕೆಳಗಿಟ್ಟ. ಪುಸ್ತಕ ತೆಗೆದುಕೊಂಡು ಮೊದಲ ಪುಟ ತಿರುವಿ, ತಡೆದು ತಡೆದು ತಾನೇ ಓದಿದ: "'ಒಂದು ಮಾತನ್ನೂ ಕೂಡಿಸಿಲ್ಲ, ಒಂದು ಮಾತನ್ನೂ ಬಿಟ್ಟಿಲ್ಲ.' ಇದು ನಿಮ್ಮದೇ ಮುನ್ನುಡಿ ಅಲ್ವಾ?" ಆಮೇಲೆ ಪಿಯರ್ಸನ ಕಡೆ ತಿರುಗಿದ. "ನಕಲು ಮಾಡುವಾಗ ಇವನೇನಾದ್ರೂ ಹಾಳೆ ಹಾರಿಸಿದ್ನಾ? ಲಿಪಿಕಾರರ ಹಣೆಬರಹ ಗೊತ್ತಲ್ಲ, ಎರಡು ಹಾಳೆ ಒಟ್ಟಿಗೆ ತಿರುವ್ತಾರೆ. ಇವನ ತಪ್ಪಾದ್ರೆ ಹೇಳಿ. ನಿಮ್ಮ ಮಾತು ಕೇಳೋಣ, ಇವನನ್ನ ಆಮೇಲೆ ವಿಚಾರಿಸ್ಕೊಳ್ಳೋಣ."

ಪಿಯರ್ಸ್ ತಲೆ ಎತ್ತಲಿಲ್ಲ. ಅವನ ಬೋಳುತಲೆ ಬೆವರಿತ್ತು.

ಎವರಾರ್ಡನಿಗೆ ಜೀವದ ಆಸೆ ಆಗಲೇ ನಾಲಗೆಯ ತುದಿಗೆ ಬಂದಿತ್ತು. ಹೌದು ಎಂದರೆ ಸಾಕು. ಮಾತಾಡಲು ಬಿಟ್ಟರೆ ಅವನು ಮೂರು ದಿನವಾದರೂ ಮಾತಾಡಬಲ್ಲ, ಅಷ್ಟರಲ್ಲಿ ಅವನ ಮನೆತನಕ್ಕೆ ಬೇಕಾದವಳಾದ ಹೊಸ ದೊರೆಯ ಅತ್ತೆ ಕ್ಷಮಾದಾನ ತರಬಲ್ಲಳು. ಹೋಗುವುದು ಒಬ್ಬ ಲಿಪಿಕಾರನ ತಲೆ. ಆದರೆ ತನ್ನ ಬಳಿ ಇದ್ದ ಹದಿನೆಂಟು ವರ್ಷಗಳಲ್ಲಿ ಈ ಮನುಷ್ಯ ಒಂದು ಸಾಲು ಹಾರಿಸಿದವನಲ್ಲ. ಅಂದು ಆ ಹಾಳೆ ಬಂದಾಗ ಬೆರಳಿಟ್ಟುಕೊಂಡು, "ಇದನ್ನೂ ಮಾಡ್ತೀರಲ್ಲ, ಧಣಿ?" ಎಂದು ಕೇಳಿದ್ದವನೂ ಅವನೇ. ಕರಡು ಓದಿಸಿ ಕೇಳುತ್ತಿದ್ದ ಹಳೆಯ ದೊರೆ ಅದನ್ನು ಬಿಡು ಎಂದಿರಲಿಲ್ಲ. ಬರೀ "ಉದ್ದ ಆಯ್ತಲ್ಲಪ್ಪ" ಎಂದು ಆಕಳಿಸಿದ್ದ. ಅಷ್ಟು ಸಾಕಾಗಿತ್ತು ಎವರಾರ್ಡನಿಗೆ.

"ಬಿಟ್ಟಿದ್ದು ನಾನು" ಎಂದ.

"ಗೊತ್ತಿದ್ದೂ?"

"ಗೊತ್ತಿದ್ದೂ."

"ಅಂದ್ರೆ ನಮ್ಮಪ್ಪ ಅಲ್ಲಿ, ನೀವೀಗ ನಿಂತಿರೋ ಜಾಗದಲ್ಲಿ ನಿಂತಿದ್ದಾಗ್ಲೂ ಗೊತ್ತಿತ್ತು."

ಗೊತ್ತಿತ್ತು. ಆಡಮ್ ಡೆನ್‌ಹೋಮ್ ಏನೋ ಹೇಳಲು ಬಾಯಿ ತೆರೆದಿದ್ದ; ಪುಸ್ತಕದಲ್ಲಿ ಅವಕಾಶವಿಲ್ಲ ಎಂದು ಎವರಾರ್ಡ್ ಸಹಿ ಹಾಕಿದ್ದ. ಮುಗಿಯುವವರೆಗೂ ಆ ಬಾಯಿ ಹಾಗೆಯೇ ತೆರೆದಿತ್ತು. ಅವನು ಏನು ಹೇಳಬೇಕೆಂದಿದ್ದ ಎಂಬುದು ಎವರಾರ್ಡನನ್ನು ಊಟದ ಹೊತ್ತಿನಲ್ಲೂ ಪ್ರಾರ್ಥನೆಯ ಹೊತ್ತಿನಲ್ಲೂ ಕಾಡಿತ್ತು. ಅವನು ಹೌದೆಂದು ತಲೆಯಾಡಿಸಿದ.

ರಾಲ್ಫ್ ಮತ್ತೆ ಗರಿ ಎತ್ತಿಕೊಂಡ. "ನಮ್ಮಪ್ಪನಿಗೆ ಸಿಕ್ಕಿದ್ದೇ ನಿಮಗೂ ಸಿಗ್ಲಿ. ಹೆಚ್ಚೂ ಬೇಡ, ಕಡಿಮೆನೂ ಬೇಡ" ಎಂದು ಸಹಿ ಹಾಕಿದ. ಕೊನೆಯಾಸೆ ಕೇಳುವುದು ಮಾತ್ರ ಆ ನಾಡಿನ ಹಳೆಯ ಪದ್ಧತಿ. ಅದನ್ನು ಯಾವ ಪುಸ್ತಕವೂ ತೆಗೆದುಹಾಕಿರಲಿಲ್ಲ. ಎವರಾರ್ಡ್ ಒಂದು ಹಾಳೆ, ಒಂದು ಗರಿ, ಶಾಯಿ ಕೇಳಿದ. ಮಧ್ಯಾಹ್ನದ ಗಂಟೆಯವರೆಗೆ ಸಮಯ ಸಿಕ್ಕಿತು.

ಪಕ್ಕದ ಕೋಣೆಯಲ್ಲಿ ಕೋಳ ಬಿಚ್ಚಿದರು. ಮೂಲ ತರಿಸುವಷ್ಟು ಹೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಾನು ಬಿಟ್ಟಿದ್ದ ಆ ಹಾಳೆ ಅವನಿಗೆ ಬಾಯಿಪಾಠವಾಗಿಬಿಟ್ಟಿತ್ತು. ಪಿಯರ್ಸ್ ಎದುರಿಗೆ ಕುಳಿತು ಹಳೆಯ ಅಭ್ಯಾಸದಂತೆ ಗರಿ ಚೂಪು ಮಾಡಿಕೊಟ್ಟ. ಎವರಾರ್ಡನ ಅಕ್ಷರಗಳು ಸೊಟ್ಟಗಾದವು. ಎರಡು ಸಲ ಹೊಡೆದುಹಾಕಿ ಮತ್ತೆ ಬರೆದ.

"ಅಂಥ ಹೊತ್ತಲ್ಲಿ ನನ್ನ ಹೆಸರು ಹೇಳ್ಬಿಡ್ಬೋದಿತ್ತು, ಧಣಿ" ಎಂದ ಪಿಯರ್ಸ್. ಅವನ ಕಣ್ಣು ತುಂಬಿತ್ತು.

"ಹೇಳ್ತಾ ಇದ್ದೆ ಕಣೋ. ಬಾಯಿಗೇ ಬಂದಿತ್ತು" ಎಂದ ಎವರಾರ್ಡ್, ಬರೆಯುವುದನ್ನು ನಿಲ್ಲಿಸದೆ. "ಇದನ್ನ ಡೆನ್‌ಹೋಮ್‌ಗೆ ಕೊಡು. ಅವರಪ್ಪನಿಗೆ ಸೇರ್ಬೇಕಾದ್ದು. ಮುಂದೆ ಅಲ್ಲಿ ನಿಲ್ಲೋನಿಗಾದ್ರೂ ಓದ್ಲಿ. ಓದ್ತಾನೋ ಇಲ್ವೋ."

ಗಂಟೆ ಹೊಡೆಯಿತು. ಕಾವಲಿನವನು ಬಾಗಿಲು ತೆರೆದು ನಿಂತ. ವಯಸ್ಸಾದವನು, ಒರಟನೇನಲ್ಲ. ಪ್ರಭು ಬರೆಯುತ್ತಿರುವುದನ್ನು ಕಂಡು ಸ್ವಲ್ಪ ಹೊತ್ತು ಕಾದ. ಕೊನೆಗೆ ಕೆಮ್ಮಿ, "ಸಾಕಾ, ಪ್ರಭುಗಳೇ?" ಎಂದ.

ಎವರಾರ್ಡ್ ತಲೆ ಎತ್ತಿ ಅವನನ್ನು ನೋಡಿದ. ಇನ್ನು ಒಂದೇ ಸಾಲು ಉಳಿದಿತ್ತು. ಅದನ್ನು ಬರೆದ, ಶಾಯಿ ಆರಲು ಮರಳು ಉದುರಿಸಿದ, ಎದ್ದು ನಿಂತ.

"ಸಾಕು" ಎಂದ.

ಬಾಗಿಲ ಬಳಿ ತಿರುಗಿ ನೋಡಿದಾಗ ಪಿಯರ್ಸ್ ಪುಸ್ತಕ ತೆರೆದು, ಹಾಳೆಯನ್ನು ಅದರ ಜಾಗದಲ್ಲಿಟ್ಟು ಅಳತೆ ನೋಡುತ್ತಿದ್ದ. ಅಂಚು ಕತ್ತರಿಸದ ಹಾಳೆ. ಉಳಿದ ಹಾಳೆಗಳಿಗಿಂತ ಒಂದು ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು.