ನಾಲ್ಕು ಕಥೆಗೆ ಒಂದೇ ಹೆಣ

ಹೆಣವಾಗಲು ಒಪ್ಪಿದ ರೇವಣಸಿದ್ದಪ್ಪ ಹಾಕಿದ ಷರತ್ತು ಒಂದೇ: ತಾನು ಮಲಗುವುದಿಲ್ಲ, ಕೂರುತ್ತೇನೆ.

"ನಮ್ಮ ಮಂದಿ ಸತ್ತ ಮ್ಯಾಲೂ ಕುಂತ ಇರ್ತಾರವಾ. ಮಲಗಿದ್ರ ಅದು ನನ್ನ ಹೆಣಾನ ಅಲ್ಲ" ಎಂದು ಆತ ಮಾನ್ಯಾಳಿಗೆ ಹೇಳಿದ.

ಮಾನ್ಯಾ ವಿದೇಶದಲ್ಲೇ, ಅರೋರಾ ಎಂಬ ಪಟ್ಟಣದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮೊದಲ ಸಿನಿಮಾ ಮಾಡುತ್ತಿದ್ದಳು. ಮಾಲ್ಟನ್ನಿನ ಒಂದೇ ಬೀದಿಯ ನಾಲ್ಕು ಮನೆ, ನಾಲ್ಕು ಕಥೆ: ಪಂಜಾಬಿ ಟ್ಯಾಕ್ಸಿ ಡ್ರೈವರು, ಜಮೈಕಾದ ನರ್ಸು, ಇಟಲಿಯ ವಿಧವೆ, ತಮಿಳು ಮೇಷ್ಟ್ರು. ನಾಲ್ಕನ್ನೂ ಚಿತ್ರೀಕರಿಸಿ ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು, ಒಂದಕ್ಕೊಂದು ಸಂಬಂಧವೇ ಇಲ್ಲ. ಸಿನಿಮಾಕ್ಕೆ ಧನಸಹಾಯ ಕೇಳಿದ ಅರ್ಜಿಯಲ್ಲಿ ಮಾತ್ರ 'ಹೆಣೆದುಕೊಂಡ ಬದುಕುಗಳು' ಎಂದು ಬರೆದಾಗಿತ್ತು. ಕೊನೆಗೆ ಒಂದು ಉಪಾಯ ಹುಡುಕಿದಳು. ನಾಲ್ವರಿಗೂ ಬೇಕಾದ ಮುದುಕನೊಬ್ಬ ಸಾಯಬೇಕು, ನಾಲ್ವರೂ ಅವನ ಮುಂದೆ ಅಳಬೇಕು. "ಜಸ್ಟ್ ಬಿ ಡೆಡ್, ಅಂಕಲ್" ಎಂದು ಬೇಡಿಕೊಂಡಳು. ಮೂವತ್ತು ವರ್ಷ ಸೇತುವೆ ಕಟ್ಟಿ ನಿವೃತ್ತನಾದ ಇಂಜಿನಿಯರಿಗೆ ಇದೇನು ಮಹಾ ಕೆಲಸ.

ಎಡವಟ್ಟು ಮಾಡಿದ್ದು ಹೆಂಡತಿ ದಾನವ್ವ. ಹಾರ, ವಿಭೂತಿ, ಭಜನೆಯವರು ಬೇಕೆಂದು ಆಕೆ ಮೆಡೋವೇಲಿನ ಚನ್ನಬಸಯ್ಯನಿಗೆ ಫೋನು ಮಾಡಿದಳು. ಕನ್ನಡ ಸಂಘದ ಸಾವು-ನೋವುಗಳಿಗೆಲ್ಲ ಮುಂದೆ ನಿಲ್ಲುವವನು ಅವನೇ. ಯಾರಿಗೆ ಎಂದು ಅವನು ಕೇಳಿದಾಗ ದಾನವ್ವನ ಬಾಯಿ ಕಟ್ಟಿತು. ಗಂಡ ಹೆಣವಾಗುತ್ತಾನೆಂದು ಯಾವ ಮುತ್ತೈದೆ ತನ್ನ ಬಾಯಾರೆ ಹೇಳಿಯಾಳು, ಅದು ನಾಟಕವೇ ಆಗಿರಲಿ? "ನಾಳೆ ಹನ್ನೊಂದಕ್ಕ ಬರ್ರಿ" ಎಂದಷ್ಟೇ ಹೇಳಿ ಫೋನಿಟ್ಟಳು. ಚನ್ನಬಸಯ್ಯ ಶಿವಾ ಎಂದು ನಿಟ್ಟುಸಿರಿಟ್ಟು ಸಂಘದ ನಂಬರುಗಳ ಪಟ್ಟಿ ಕೈಗೆತ್ತಿಕೊಂಡ.

ಸಂಜೆಯ ಹೊತ್ತಿಗೆ ಸಂತಾಪದ ಮೊದಲ ಕರೆ ಬಂತು. ಎತ್ತಿದವನು ಸತ್ತವನೇ. ಅತ್ತಲಿಂದ ಶ್ರೀನಾಥ ಎಂಬ ಸಾಫ್ಟ್‌ವೇರಿನವನು, ನೀವು ಅವರ ತಮ್ಮನೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೃತರ ಗುಣಗಾನ ಶುರುಮಾಡಿದ. ರೇವಣಸಿದ್ದಪ್ಪ ಎಲ್ಲ ಕೇಳಿಸಿಕೊಂಡ. ಒಂದೇ ಮಾತಿನಲ್ಲಿ ಮುಗಿಸಬಹುದಾಗಿತ್ತು, ಮುಗಿಸಲಿಲ್ಲ. ಡಾಕ್ಟರ್ ಭಾಸ್ಕರನಿಗೆ ಗೊತ್ತಾಗಿದೆಯೇ ಎಂದು ಮಾತ್ರ ಕೇಳಿದ. ಗೊತ್ತಾಗಿದೆ, ಏನೂ ಹೇಳದೆ ಫೋನಿಟ್ಟರಂತೆ ಎಂದ ಶ್ರೀನಾಥ.

ಭಾಸ್ಕರ ಮೂವತ್ತು ವರ್ಷದ ಜೀವದ ಗೆಳೆಯ. ಆರು ವರ್ಷದ ಹಿಂದೆ, ತೊಂಬತ್ತಾರರ ರಾಜ್ಯೋತ್ಸವದ ನಾಟಕದಲ್ಲಿ ರೇವಣಸಿದ್ದಪ್ಪ ಸಾಯುವ ರಾಜನಾಗಿ ಸ್ವಂತ ಮಾತುಗಳನ್ನೂ ಸೇರಿಸಿ ಇಪ್ಪತ್ತೈದು ನಿಮಿಷ ಸಾಯುತ್ತಿದ್ದಾಗ, ಭಾಸ್ಕರ ಪರದೆ ಇಳಿಸಿಬಿಟ್ಟಿದ್ದ. ಹಗ್ಗ ಜಾರಿತು ಎಂದು ಅವನು, ನೀನು ಬೇಕೆಂದೇ ಬಿಟ್ಟೆ ಎಂದು ಇವನು. ಅಂದು ನಿಂತ ಮಾತು ಇಂದಿಗೂ ಹೊರಟಿರಲಿಲ್ಲ. ಇಂಥದ್ದಕ್ಕೆಲ್ಲ ಮಾತು ಬಿಡುವುದು ಮೂರ್ಖತನ. ಮೂರ್ಖತನವೆಂದು ಇಬ್ಬರಿಗೂ ಗೊತ್ತಿತ್ತು.

ದಾನವ್ವ ತಲೆ ಚಚ್ಚಿಕೊಂಡಳು, ಈಗಲೇ ಎಲ್ಲರಿಗೂ ನಿಜ ಹೇಳಿ ಎಂದು ಗೋಗರೆದಳು. "ಅವಾ ಬರ್ತಾನೋ ಇಲ್ಲೋ, ನೋಡೇ ಬಿಡೂಣು" ಎಂದ ಗಂಡ.

ಮರುದಿನ ಮನೆಯ ಬೇಸ್‌ಮೆಂಟಿನಲ್ಲಿ ಹೆಣ ಚಕ್ಕಳಮಕ್ಕಳ ಹಾಕಿ ಕೂತಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಬೀಳದಂತೆ ಬೆನ್ನಿಗೊಂದು ಹಲಗೆ. ನಾಲ್ವರು ನಟರ ಹಿಂದೆ ನಲವತ್ತು ಕನ್ನಡಿಗರು ಸಾಲುಗಟ್ಟಿ ಇಳಿದರು. ಅಂಕಲ್ ಇಷ್ಟು ಜನರನ್ನು ಪುಕ್ಕಟೆ ಕರೆತಂದರೆಂದು ಮಾನ್ಯಾ ಹಿಗ್ಗಿದಳು. ಊರಿನ ನೆಂಟರಿಗೆ ಕಳಿಸಲು ವಿಡಿಯೋ ತೆಗೆಯುತ್ತಿದ್ದಾರೆಂದು ಕನ್ನಡಿಗರು ತಿಳಿದರು. ಹತ್ತಿರದ ಏರ್‌ಪೋರ್ಟಿನಿಂದ ಎರಡೆರಡು ನಿಮಿಷಕ್ಕೊಂದು ವಿಮಾನ ಮಾಡಿನ ಮೇಲೆ ಹಾದು ಶಬ್ದ ಕೆಡುತ್ತಿತ್ತು, ಮಾನ್ಯಾ ನಿಲ್ಲಿಸುತ್ತಿದ್ದಳು, ಡ್ರೈವರನ ಪಾತ್ರದವನು ಮತ್ತೆ ಮೊದಲಿನಿಂದ ಅಳುತ್ತಿದ್ದ. ಸರ್ದಾರ್ಜಿಗೆ ಎಂಥ ಪ್ರೀತಿ, ಏಳು ಸಲ ಅತ್ತ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಣ್ಣು ಮುಚ್ಚಿದ್ದ ರೇವಣಸಿದ್ದಪ್ಪ ದನಿಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದ. ಬೇಕಾದ ದನಿ ಒಂದೇ, ಅದೊಂದೇ ಇಲ್ಲ. ಮೊಣಕಾಲು ಮರಗಟ್ಟಿತು. ಬರುವುದಿಲ್ಲ ಎಂದು ಖಾತ್ರಿಯಾದಾಗ ಅವನಿಗೆ ನಿಜವಾಗಿ ಸತ್ತಷ್ಟೇ ದುಃಖವಾಯಿತು.

ಆಗ ಮೆಟ್ಟಿಲ ಮೇಲೆ ಎಳೆದೆಳೆದು ಇಡುವ ಹೆಜ್ಜೆ ಕೇಳಿಸಿತು. ಜನ ದಾರಿ ಬಿಟ್ಟರು. ಭಾಸ್ಕರ ಹತ್ತಿರ ಬಂದು ನಿಂತ. ಆಮೇಲೆ, ನಲವತ್ತು ವರ್ಷದ ಡಾಕ್ಟರಿಕೆಯ ಅಭ್ಯಾಸ, ಹೆಣದ ಕೈ ಹಿಡಿದು ನಾಡಿ ನೋಡಿದ.

ನಾಡಿ ಕುದುರೆಯಂತೆ ಓಡುತ್ತಿತ್ತು. ಭಾಸ್ಕರನ ಬೆರಳುಗಳು ಅಲ್ಲೇ ನಿಂತವು. ಈಗ ಬೈಗುಳ ಬಂತು, ಸಂಘದೆದುರು ಮಾನ ಹೋಯಿತು ಎಂದು ರೇವಣಸಿದ್ದಪ್ಪ ಹಲ್ಲು ಕಚ್ಚಿದ. ಭಾಸ್ಕರ ಬೈಯಲಿಲ್ಲ. ಕ್ಯಾಮೆರಾ ನೋಡಿದ, ದೀಪ ನೋಡಿದ, ಅಳುತ್ತಿದ್ದ ಸರ್ದಾರ್ಜಿಯನ್ನು ನೋಡಿದ. ಹಿಡಿದ ಕೈ ಬಿಡದೆ, ಇನ್ನೊಂದು ಕೈಯಿಂದ ಕುರ್ಚಿ ಎಳೆದುಕೊಂಡು ಕೂತು ಕಿವಿಯ ಹತ್ತಿರ ಬಗ್ಗಿದ.

"ನೂರಹತ್ತು ಉಂಟು. ಬಿಪಿ ಮಾತ್ರೆ ಬಿಟ್ಟಿದ್ದೀಯಾ ಮಾರಾಯ?"

ಹೆಣ ಬಾಯಿ ತೆರೆಯಿತು.

"ಸುಮ್ಮನೆ ಸತ್ತೇ ಇರು" ಎಂದ ಭಾಸ್ಕರ. "ಬದುಕಿದ್ದರೆ ನೀನು ನನಗೆ ಮಾತಾಡ್ಲಿಕ್ಕೆ ಬಿಡುವವನಲ್ಲ. ಆರು ವರ್ಷದ್ದು ಹೇಳ್ಲಿಕ್ಕೆ ಉಂಟು."

ಮಾನ್ಯಾ ಕಟ್ ಎಂದಳು. ಇಬ್ಬರೂ ಅಲುಗಾಡಲಿಲ್ಲ. ಭಾಸ್ಕರ ಮೊದಲ ವರ್ಷದಿಂದ ಶುರುಮಾಡಿದ, ರೇವಣಸಿದ್ದಪ್ಪ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದ.