ಹಲ್ಲಿಲ್ಲದ ಬಾಯಿಗೊಂದು ಮಿಕ್ಸಿ

ಅಮರೇಶಪ್ಪನ ಹಲ್ಲುಗಳೆಲ್ಲ ಹೋದಮೇಲೆ ಮನೆಯವರಿಗೆ ಒಂದು ಸಂಗತಿ ಗೊತ್ತಾಯಿತು: ಬೈಯುವುದಕ್ಕೆ ಹಲ್ಲು ಬೇಕಾಗಿಲ್ಲ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಈ ಮನುಷ್ಯ ಮೊದಲೇ ಸಿಡುಕ. ಈಗ ಹಸಿದ ಸಿಡುಕ.

ಮಲ್ಕಾಜ್‌ಗಿರಿಯ ಹಲ್ಲಿನ ಡಾಕ್ಟರರು ಅಳಿದುಳಿದದ್ದನ್ನೆಲ್ಲ ಕಿತ್ತು, ವಸಡು ಗಟ್ಟಿಯಾಗುವ ತನಕ ಹೊಸ ಸೆಟ್ಟು ಕೂಡಿಸುವುದಿಲ್ಲ, ಅಲ್ಲಿಯವರೆಗೆ ಮೆತ್ತಗಿನದನ್ನೇ ತಿನ್ನಿ ಎಂದು ಕಳಿಸಿದ್ದರು. ಗಂಜಿ, ಅಂಬಲಿ, ಹಾಲನ್ನ. ಜೋಳದ ರೊಟ್ಟಿ ಮುರಿಯದೆ ಏಳದವನಿಗೆ ಇದೊಂದು ಊಟವೇ? ಹೆಂಡತಿ ಬಸಲಿಂಗಮ್ಮ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಎಣ್ಣೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಮುಟಗಿ ಮಾಡಿಕೊಡುತ್ತಿದ್ದಳು. ಅದೊಂದೇ ಅವನ ಗಂಟಲಿನಲ್ಲಿ ಸಂತೋಷದಿಂದ ಇಳಿಯುತ್ತಿತ್ತು. ಕುಟ್ಟಿ ಕುಟ್ಟಿ ಅವಳ ಮಣಿಕಟ್ಟು ಬಾತುಕೊಂಡ ಮೇಲೆ ಅದೂ ನಿಂತಿತು. ಮನೆಯ ಹಳೇ ಮಿಕ್ಸಿ ದೀಪಾವಳಿಯಲ್ಲೇ ಹೊಗೆ ಉಗುಳಿ ಸತ್ತಿತ್ತು.

"ನೀವ ಕುಟ್ಕೊಳ್ರಿ. ಹಲ್ಲು ಹೋಗ್ಯಾವು, ಕೈ ಅದಾವಲ್ಲ," ಎಂದಳು ಬಸಲಿಂಗಮ್ಮ.

ಅಮರೇಶಪ್ಪ ಕುಟ್ಟಿದ. ಅರ್ಧ ರೊಟ್ಟಿ ಒರಳಿನಿಂದ ನೆಲಕ್ಕೆ ಹಾರಿತು. ಉಳಿದರ್ಧವನ್ನು ಕುಟ್ಟುವಾಗ ಹೆಬ್ಬೆರಳು ನಡುವೆ ಬಂತು. ಅವನು ಬೈದದ್ದು ಕೆಳಗಿನ ಮನೆಯ ತೆಲುಗು ಮಂದಿಗೂ ಅರ್ಥವಾಯಿತು.

"ನುಮಾಯಿಷ್ ಶುರು ಆಗೈತಿ, ಅಲ್ಲೇ ಹೋಗಿ ಒಂದು ಛಲೋ ಬ್ಲೆಂಡರ್ ತರೋಣು," ಎಂದಳು ಮಗಳು ಕಾವ್ಯಾ. ಬ್ಯಾಂಕಿನಲ್ಲಿ ನೌಕರಿ ಮಾಡುವ ಹುಡುಗಿ, ಫೋನಿನಲ್ಲಿ ನೋಡಿಯೇ ಇಟ್ಟಿದ್ದಳು. "ಎತ್ತರಕ ಗಾಜಿನ ಜಾರ್ ಇರ್ತೈತಿ. ಅಡಗಿ ಕಟ್ಟಿ ಮ್ಯಾಲೆ ಇಟ್ರ ಎಷ್ಟ್ ಚಂದ ಕಾಣ್ತೈತಿ! ಅಪ್ಪಗ ಸೂಪ್ ಮಾಡ್ಬಹುದು, ಜ್ಯೂಸ್ ಮಾಡ್ಬಹುದು..."

"ಇನ್ನೊಮ್ಮಿ ಜ್ಯೂಸ್ ಅಂದಿ ಅಂದ್ರ ನೋಡು! ಕುಡ್ಯೂದು ಸಾಕಾಗೈತಿ. ನಾ ತಿನ್ನಬೇಕು!"

ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ಮೂವರೂ ಹೊರಟರು. ಶೇಂಗಾ ಚಟ್ನಿಪುಡಿ, ಅಂದರೆ ಹಿಂಡಿ, ಕುಟ್ಟಿ ನೋಡದೆ ಯಾವ ಯಂತ್ರವನ್ನೂ ಮನೆಯೊಳಗೆ ಬಿಟ್ಟುಕೊಳ್ಳಬಾರದೆಂಬುದು ಬಸಲಿಂಗಮ್ಮನ ತವರಿನ ರಿವಾಜು. ಹುರಿದ ಶೇಂಗಾ, ಬೆಳ್ಳುಳ್ಳಿ, ಉಪ್ಪು, ಸಣ್ಣ ಬಾಟಲಿಯಲ್ಲಿ ಎಣ್ಣೆ ಎಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡಳು. ಅವಳು ನೋಡದಿದ್ದಾಗ ಅಮರೇಶಪ್ಪ ಖಡಕ್ ರೊಟ್ಟಿಗಳನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ತುರುಕಿದ.

ಬ್ಲೆಂಡರ್ ಮಾರುವ ಮಳಿಗೆಯೊಂದರಲ್ಲಿ ಕೌಶಲ್ ಎಂಬವನು ಕೊರಳಿಗೆ ಮೈಕು ಸಿಕ್ಕಿಸಿಕೊಂಡು, ಗಾಜಿನ ಬ್ಲೆಂಡರಿಗೆ ಗಜ್ಜರಿ, ಬೀಟ್ರೂಟು, ಮಂಜುಗಡ್ಡೆ ಸುರಿದು ಕೆಂಪು ನೊರೆ ಎಬ್ಬಿಸುತ್ತಿದ್ದ. ಸುತ್ತ ನಿಂತ ಜನ ವಾಹ್ ಎನ್ನುತ್ತಿದ್ದರು. ಕಾವ್ಯಾ ಆ ಜಾರಿನಿಂದ ಕಣ್ಣು ಕೀಳಲೇ ಇಲ್ಲ.

"ದೇಖೋ ಅಂಕಲ್, ಬರಫ್ ಭೀ ಪೀಸ್ತಾ!" ಎಂದ ಕೌಶಲ್, ಮಂಜುಗಡ್ಡೆಯನ್ನೂ ಅರೆದು ತೋರಿಸುತ್ತ.

"ಬರಫ್ ಕೌನ್ ಖಾತಾ ರೇ? ಯೇ ಪೀಸ್." ಅಮರೇಶಪ್ಪ ಟವೆಲ್ ಬಿಚ್ಚಿ, ಇದನ್ನು ಅರೆ ನೋಡೋಣ ಎಂಬಂತೆ ರೊಟ್ಟಿ ಮುಂದಿಟ್ಟ.

"ಅಯ್ಯಯ್ಯ! ಯಾವಾಗ ತಂದ್ರಿ ಇದನ್ನ?" ಬಸಲಿಂಗಮ್ಮ ಹಣೆ ಬಡಿದುಕೊಂಡಳು. ಕಾವ್ಯಾ ತನಗೆ ಈ ಮನುಷ್ಯನ ಪರಿಚಯವೇ ಇಲ್ಲವೆಂಬಂತೆ ಪಕ್ಕದ ಮಳಿಗೆಯ ಬಳೆಗಳನ್ನು ನೋಡತೊಡಗಿದಳು.

ಕೌಶಲ್ ಸೋಲುವವನಲ್ಲ. ರೊಟ್ಟಿ ಮುರಿದು ಜಾರಿಗೆ ಹಾಕಿ ಗುಂಡಿ ತಿರುಗಿಸಿದ. ತಳದಲ್ಲಿದ್ದದ್ದು ಹಿಟ್ಟಾಯಿತು. ಮೇಲಿನ ಚೂರುಗಳು ಮದುವೆ ಮೆರವಣಿಗೆಯ ಹುಡುಗರಂತೆ ಇದ್ದಲ್ಲೇ ಕುಣಿದವು. "ಪಾನಿ ಹೋನಾ ಅಂಕಲ್, ಇಸ್ಮೇ ಪಾನಿ ಹೋನಾ," ಎಂದು ಒಂದು ಲೋಟ ನೀರು ಸುರಿದು ಮತ್ತೆ ತಿರುಗಿಸಿದ. ಈಗ ಎಲ್ಲವೂ ನುಣ್ಣಗಾಯಿತು. ಲೋಟಕ್ಕೆ ಬಗ್ಗಿಸಿ ಹೆಮ್ಮೆಯಿಂದ ಚಾಚಿದ.

ಅಮರೇಶಪ್ಪ ಮೂಸಿ ನೋಡಿದ.

"ಅಂಬ್ಲಿ! ಇದನ್ನ ಬಿಟ್ಟು ಓಡಿಬಂದ್ರ ಇಲ್ಲೂ ಅದನ್ನ ಕುಡಿಸ್ತಾನಿವ! ನಡೀರಿ ಮನಿಗೆ! ಹೊಸ ಹಲ್ಲು ಬರೂ ತನಕ ಉಪಾಸ ಇರ್ತೀನಿ!"

"ನೀವು ಉಪಾಸ ಇದ್ರ ಬೈಗಳ ತಿನ್ನೂದು ನಾವು. ಸುಮ್ನ ನಿಂದರ್ರಿ ಒಂದ್ ಗಳಿಗಿ," ಎಂದು ಬಸಲಿಂಗಮ್ಮ ಅವನ ಅಂಗಿ ತೋಳು ಹಿಡಿದು ನಿಲ್ಲಿಸಿದಳು. ಹಿಂದಿನ ಹಲಗೆಯ ಮೇಲೆ ಯಾರೂ ಕೇಳದೆ ಕೂತಿದ್ದ ಮಿಕ್ಸಿಯ ಕಡೆ ಕೈ ಮಾಡಿದಳು. "ಭೈಯಾ, ವೋ ದೇವ್. ಛೋಟಾ ಜಾರ್ ಲಗಾವ್."

ಗಿಡ್ಡ ಸ್ಟೀಲ್ ಜಾರು, ಚಟ್ನಿಯದು. ಅವಳು ರೊಟ್ಟಿಯ ಮೇಲೆ ನೀರು ಚಿಮುಕಿಸಿ, ಮೆತ್ತಗಾಗುವ ತನಕ ಟವೆಲ್ಲಿನಲ್ಲಿ ಮುಚ್ಚಿಟ್ಟಳು. ಹರಿದು ಜಾರಿಗೆ ಹಾಕಿ, ಡಬ್ಬಿಯ ಶೇಂಗಾ ಬದಿಗಿಟ್ಟು ಬೆಳ್ಳುಳ್ಳಿ, ಉಪ್ಪು, ಎಣ್ಣೆ ಸೇರಿಸಿದಳು. ಕೌಶಲ್ ಗುಂಡಿಯನ್ನು ಪೂರ್ತಿ ತಿರುಗಿಸಹೋದರೆ ಅವನ ಕೈ ಮೇಲೆ ಪಟ್ಟೆಂದು ಹೊಡೆದಳು.

"ಏ, ಐಸಾ ನಹೀ! ಥೋಡಾ ತಿರ್ಗಾನಾ, ಛೋಡ್ನಾ. ಥೋಡಾ ತಿರ್ಗಾನಾ, ಛೋಡ್ನಾ."

ಗರ್ರ್... ನಿಂತಿತು. ಗರ್ರ್... ನಿಂತಿತು. ಮುಚ್ಚಳ ತೆಗೆದರೆ ಹಿಟ್ಟೂ ಅಲ್ಲದ, ಅಂಬಲಿಯೂ ಅಲ್ಲದ, ತರಿತರಿ ಪುಡಿ. ಬೆಳ್ಳುಳ್ಳಿಯ ವಾಸನೆಗೆ ಜ್ಯೂಸ್ ಕುಡಿಯುತ್ತಿದ್ದವರೂ ಇತ್ತ ತಿರುಗಿದರು. ಬಾತ ಕೈಯನ್ನು ಬಿಟ್ಟು ಎಡಗೈಯಲ್ಲಿ ಒತ್ತಿ, ಸೊಟ್ಟಗಿನ ಒಂದು ಮುಟಗಿ ಮಾಡಿ ಗಂಡನ ಅಂಗೈಗಿಟ್ಟಳು.

ಅಮರೇಶಪ್ಪ ಬಾಯಿಗೆ ಹಾಕಿಕೊಂಡ. ವಸಡಿನಲ್ಲಿ ಹಿಸುಕಿದ. ನುಂಗಿದ. ಇನ್ನೊಂದಕ್ಕೆ ಕೈ ಚಾಚಿದ. ಮೂರನೆಯದು ಮುಗಿಯುವವರೆಗೂ ಅವನಿಂದ ಒಂದು ಬೈಗುಳವೂ ಬರಲಿಲ್ಲ. ಇಂಥ ಶಾಂತಿಯನ್ನು ಕಾವ್ಯಾ ಬಹಳ ದಿನಗಳಿಂದ ಕಂಡಿರಲಿಲ್ಲ. ಬಳೆಗಳನ್ನು ಬಿಟ್ಟು ಬಂದು, "ಇದನ್ನ ಕಟ್ಟಸವ್ವಾ. ಗಾಜಿಂದು ಬ್ಯಾಡ," ಎಂದಳು.

"ಮತ್ತ ಚಂದ ಕಾಣ್ಬೇಕಂದ್ಯಲ್ಲ?"

"ಅಪ್ಪನ ಮಾರಿ ನೋಡು, ಎಷ್ಟ್ ಚಂದ ಕಾಣಾಕತ್ತೈತಿ. ಸಾಕು."

ಮಿಕ್ಸಿಯನ್ನು ಡಬ್ಬಕ್ಕೆ ಸೇರಿಸುತ್ತ ಕೌಶಲ್ ಜೊಲ್ಲು ನುಂಗಿದ. "ಆಂಟಿ, ಮೇರೇಕು ಭೀ ಥೋಡಾ..."

ಅಮರೇಶಪ್ಪ ಕೊನೆಯ ಮುಟಗಿಯನ್ನು ಗಬಕ್ಕನೆ ಬಾಯಿಗಿಟ್ಟುಕೊಂಡ. ಟವೆಲ್ಲಿನಲ್ಲಿ ಒಣಗಿಯೇ ಉಳಿದಿದ್ದ ಖಡಕ್ ರೊಟ್ಟಿಯೊಂದನ್ನು ಅವನ ಕೈಗೆ ಕೊಟ್ಟ.

"ತೇರೇಕು ದಾಂತ್ ಹೈ ನಾ? ಚಬಾ ಕೇ ಖಾ."

ಹಲ್ಲಿದ್ದವನು ಅಗಿದೇ ತಿನ್ನಬೇಕಲ್ಲ, ಕೌಶಲ್ ಕಚ್ಚಿದ. ಕೊರಳಿನ ಮೈಕು ಇನ್ನೂ ಚಾಲೂ ಇತ್ತು. ಕಟಂ ಎಂಬ ಸದ್ದು ಸಾಲು ಮಳಿಗೆಗಳಿಗೆಲ್ಲ ಕೇಳಿಸಿ, ಜನ ಬೆಚ್ಚಿ ತಿರುಗಿ ನೋಡಿದರು. ಅಮರೇಶಪ್ಪ ಬೊಚ್ಚು ಬಾಯಿ ಪೂರ್ತಿ ತೆರೆದು ನಕ್ಕ.