ಮಾವನ ಪಂಪ್‌ಹೌಸು

ಎ.ಸಿ. ಗಾಳಿಗೆ ಕುತ್ತಿಗೆಯ ಹಿಂದಿನ ಕೂದಲು ಅಲ್ಲಾಡುತ್ತಿದೆ, ಯಾರೋ ಹಿಂದೆ ನಿಂತು ಮೆಲ್ಲಗೆ ಊದುತ್ತಿರುವ ಹಾಗೆ, ಊಟವಾದ ಮೇಲಿನ ಹೊತ್ತು, ಕಿಟಕಿಯೇ ಇಲ್ಲದ ಈ ಕೋಣೆಯಲ್ಲಿ ಮಧ್ಯಾಹ್ನವಾಯಿತೆಂದು ಗೊತ್ತಾಗುವುದು ರೆಪ್ಪೆಯ ಭಾರದಿಂದಲೇ, ಸೈನ್ಯದ ಮೇಜರ್ ಆದವಳು ಹೀಗೆ ತೂಕಡಿಸಬಾರದು ಅಂತ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು, ಆದರೂ ಪರದೆಯ ಮೇಲೆ ಕ್ಯಾಮೆರಾ ತೋರಿಸುತ್ತಿರುವ ಆ ಇನ್ನೊಂದು ಕೋಣೆ, ಗಡಿಯಾಚೆಯ ಪಂಪ್‌ಹೌಸಿನ ಕೋಣೆ, ಕೊಳದ ತಳದಲ್ಲಿ ಇಟ್ಟಂತೆ ತೇಲುತ್ತಲೇ ಇದೆ, ಮಾವ ಇನ್ನೂ ಬಂದಿಲ್ಲ, ಕುರ್ಚಿ ಖಾಲಿ, ಕುರ್ಚಿಯ ಬೆನ್ನಿಗೆ ಅವನ ಬೂದು ಸ್ವೆಟರು. ನಿಮ್ಮ ಮಾವನಿಗೆ ಇವತ್ತು ಊಟ ಜೋರಾ ಮೇಡಂ, ಪಕ್ಕದ ಮೇಜಿನ ಕ್ಯಾಪ್ಟನ್ ಕೇಳುತ್ತಾನೆ, ಮೊದಲಿನಿಂದಲೂ ಅವನದ್ದು ಇದೇ ತಮಾಷೆ, ಹೇಳದೆ ಕೇಳದೆ ಹಿತ್ತಿಲ ಬಾಗಿಲಿನಿಂದ ಆ ಪಂಪ್‌ಹೌಸಿನ ಕಂಪ್ಯೂಟರಿನೊಳಗೆ ನುಗ್ಗಿ ಸಂಸಾರ ಹೂಡಿದ ಸೊಸೆ ಅವಳು, ಅಲ್ಲಿ ಪಂಪು ನೋಡಿಕೊಳ್ಳುವ ಆಪರೇಟರು ಮಾವ. ಮಾವನಿಗೆ ಸೊಸೆ ಬಂದಿರುವುದೇ ಗೊತ್ತಿಲ್ಲ.

ಇಸ್ತ್ರಿ ಬಟ್ಟೆ ಹಾಕ್ಕೊಂಡು ಕುರ್ಚಿ ಬಿಸಿ ಮಾಡೋಕೆ ಹೋಗ್ತೀಯ, ಇಷ್ಟು ವರ್ಷದಲ್ಲಿ ಒಂದು ಗುಂಡಾದ್ರೂ ಹಾರಿಸಿದ್ಯೇನೇ, ಇದು ಅಮ್ಮ, ಫೋನಿನಲ್ಲಿ, ಭಾನುವಾರ, ಇಲ್ಲಮ್ಮ, ಹಾರಿಸಿಲ್ಲ, ಮತ್ತೆ ದಿನವಿಡೀ ಏನ್ ಮಾಡ್ತೀಯ, ನೋಡ್ತಾ ಕೂತಿರ್ತೀನಮ್ಮ, ಏನನ್ನ — ಅದನ್ನು ಹೇಳುವಂತಿಲ್ಲ, ಹೇಳುವಂತಿದ್ದರೂ ಹೇಗೆ ಹೇಳುವುದು, ಬೇರೆ ದೇಶದ ಊರಿಗೆ ನೀರೆತ್ತುವ ಯಂತ್ರದೊಳಗೆ ಕೂತು ಅದನ್ನು ಗುಡಿಸಿ ಒರೆಸಿ ಇಟ್ಟುಕೊಂಡಿದ್ದೇನೆ ಅಂತಲೇ, ಬೇರೆ ಕಳ್ಳರು ನುಗ್ಗದಿರಲಿ ಅಂತ ತಾನು ಬಂದ ಕಿಂಡಿಯನ್ನು ತಾನೇ ಮುಚ್ಚಿದ್ದಾಳೆ, ಈ ಕಸುಬಿನ ರೀತಿಯೇ ಅದು, ಹೊಕ್ಕ ಮನೆಯನ್ನು ಯಜಮಾನನಿಗಿಂತ ಚೆನ್ನಾಗಿ ನೋಡಿಕೊಳ್ಳಬೇಕು, ಏನಾದರೂ ಕೆಟ್ಟರೆ ರಿಪೇರಿಯವರು ಬರುತ್ತಾರೆ, ಬಂದವರು ಕೆದಕುತ್ತಾರೆ, ಕೆದಕಿದರೆ ಸೊಸೆ ಸಿಕ್ಕಿಬೀಳುತ್ತಾಳೆ. ಮೊದಮೊದಲು ಆ ಯಂತ್ರಕ್ಕೆ ತಲೆ ನೆಟ್ಟಗಿರಲಿಲ್ಲ, ನೀರಿನ ಒತ್ತಡ ತೋರಿಸುವ ಗೆರೆ ಸುಮ್ಮಸುಮ್ಮನೆ ಕೆಂಪಾಗಿ ರಂಪ ಮಾಡುತ್ತಿತ್ತು, ಮಾವ ಅದನ್ನು ಮೂರು ಕಾಸಿನಷ್ಟೂ ನಂಬುತ್ತಿರಲಿಲ್ಲ, ಮತ್ತೆ ಮತ್ತೆ ಎದ್ದು, ಸೊಂಟ ಹಿಡಿದುಕೊಂಡು, ಚಳಿಯಲ್ಲಿ ಸ್ವೆಟರು ಏರಿಸಿಕೊಂಡು ಅಂಗಳಕ್ಕೆ ಹೋಗಿ ಪೈಪಿನ ಮೇಲಿನ ಮೀಟರಿನ ಮುಳ್ಳನ್ನು ಕಣ್ಣಾರೆ ನೋಡಿ, ಹಸುವಿನ ಮೈ ಮುಟ್ಟುವಂತೆ ಪಂಪನ್ನು ಮುಟ್ಟಿ ಬಿಸಿ ನೋಡಿ ಬರುತ್ತಿದ್ದ, ಪಾಪ, ಬಂದು ಕೂರುವಷ್ಟರಲ್ಲಿ ಮತ್ತೆ ಕೆಂಪು. ಅವಳು ಅದನ್ನು ಸರಿಮಾಡಿದಳು, ಲೆಕ್ಕ ಎಲ್ಲಿ ಜಾರುತ್ತಿತ್ತೆಂದು ಹುಡುಕಿ ತಿದ್ದಿದಳು, ರಿಪೇರಿಯವರು ಬಾರದಿರಲಿ ಅಂತ, ಅಷ್ಟೇ, ಅಷ್ಟೇನಾ, ಅವನ ಸೊಂಟ ನೆನೆಸಿಕೊಂಡೂ ಇರಬಹುದು. ಮಾವ ಸ್ವಲ್ಪ ದಿನ ಅನುಮಾನದಿಂದ ಅಂಗಳಕ್ಕೆ ಹೋಗಿ ಬಂದ, ಆಮೇಲೆ ಅರ್ಧಂಬರ್ಧ ಎದ್ದು ಕೂತ, ಆಮೇಲೆ ಏಳಲೇ ಇಲ್ಲ, ಕಾಲು ಚಾಚಿ ಚಹಾ ಕುಡಿಯತೊಡಗಿದ, ಹೊಸದಾಗಿ ಕೆಲಸಕ್ಕೆ ಬಂದವನಿಗೆ ಏನೋ ಹೇಳಿ ನಕ್ಕ, ಅಲ್ಲಿನ ಕ್ಯಾಮೆರಾಗೆ ದನಿಯಿಲ್ಲ, ಆದರೂ ಅವಳಿಗೆ ಕೇಳಿಸಿತು, ಚಿನ್ನದಂಥ ಯಂತ್ರ ಕಣಯ್ಯಾ. ಅವತ್ತು ಅವಳಿಗೆ ಎಷ್ಟು ಹೆಮ್ಮೆಯಾಗಿತ್ತು, ಮನೆಗೆ ಹೋಗುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತು ಒಬ್ಬಳೇ ನಕ್ಕಿದ್ದಳು.

ಇವತ್ತೇ, ಅಂದರು ಕರ್ನಲ್, ಬಾಗಿಲಲ್ಲೇ ನಿಂತು, ಕಾಗದದ ಲೋಟದ ಕಾಫಿ ಆರಿಸಿಕೊಳ್ಳುತ್ತ, ಮೇಲಿಂದ ಅಪ್ಪಣೆ ಬಂತು. ಊರಿಗೂ ಅದೇ ನೀರು ಸಾರ್, ಅಂದಳು. ಗೊತ್ತಮ್ಮ, ಪೈಪಿನ ತುದೀಲಿ ಅವರ ಸೇನೆ ಶಿಬಿರಕ್ಕೂ ಅದೇ ನೀರು, ಗಡಿ ದಾಟೋಕೆ ತುದಿಗಾಲಲ್ಲಿ ನಿಂತಿದಾರೆ, ನೀರಿಲ್ಲದೆ ದಾಟೋಕಾಗಲ್ಲ, ನಮ್ಮವರು ಸಾಯೋದು ತಪ್ಪುತ್ತೆ, ಅದಕ್ಕೇ ಅಲ್ವಾ ನಾವಿರೋದು. ಸರಿಯೇ, ಆ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ, ಈಗಲೂ ಆಗುತ್ತಿಲ್ಲ. ಮಾಡಬೇಕಾದ್ದು ಇಷ್ಟೇ, ಪಂಪಿಗೆ ನೀರು ಬರುವ ಬಾಯಿ ಮುಚ್ಚುವುದು, ಪಂಪನ್ನು ಬರಿದೇ ಓಡಬಿಡುವುದು, ಮಾವನ ಪರದೆಯ ಮೇಲೆ ಮಾತ್ರ ನಿನ್ನೆಯ ಗೆರೆಯನ್ನೇ ಓಡಿಸುವುದು, ಒಣಗಿದ ಪಂಪು ತನ್ನ ಕಾವಿಗೆ ತಾನೇ ಸುಟ್ಟು ಹೋಗುತ್ತದೆ, ತಿಂಗಳುಗಟ್ಟಲೆ ಊರಿಗೆ ನಲ್ಲಿ ಬಿಟ್ಟರೆ ಗಾಳಿ, ಮತ್ತು ಮಾವ — ಮಾವನನ್ನೇ ಹಿಡಿಯುತ್ತಾರೆ, ಕಣ್ಣು ಕುರುಡಾಗಿತ್ತಾ ಅಂತ ಕೇಳುತ್ತಾರೆ, ಯಾರಿಂದ ಎಷ್ಟು ತಿಂದೆ ಅಂತ ಕೇಳುತ್ತಾರೆ, ಯುದ್ಧದ ಹೊತ್ತಿನಲ್ಲಿ ಅಂಥವರನ್ನು ಏನು ಮಾಡುತ್ತಾರೆಂದು ಅವಳಿಗೆ ಗೊತ್ತು, ತಮ್ಮ ಕಡೆಯಾದರೂ ಅದನ್ನೇ ಮಾಡುತ್ತಿದ್ದರು. ಒತ್ತಿದಳು. ಕೀಬೋರ್ಡಿನ ಕೀ ಎಂದಿನಂತೆ ಮೆತ್ತಗೆ ಒಳಗೆ ಹೋಗಿ ಮೇಲೆ ಬಂತು, ಅಮ್ಮ, ಇದೇ ನನ್ನ ಗುಂಡು, ಸದ್ದೇ ಇಲ್ಲ ನೋಡು. ಆಯ್ತಾ, ಅಂದರು ಕರ್ನಲ್. ಆಯ್ತು ಸಾರ್.

ಈಗ ಮಾವ ಬಂದಿದ್ದಾನೆ, ಬಾಯಿ ಒರೆಸಿಕೊಳ್ಳುತ್ತ, ಕುರ್ಚಿಗೆ ಒರಗಿ, ಅವನ ಮುಂದೆ ನಿನ್ನೆಯ ನೀರು ಹಸಿರಾಗಿ ಹರಿಯುತ್ತಿದೆ, ಇವತ್ತಿನ ಪಂಪು ಗೋಡೆಯಾಚೆ ಒಣಗಿಕೊಂಡು ತಿರುಗುತ್ತಿದೆ, ಒಂದು ಸಲ ಅಂಗಳಕ್ಕೆ ಹೋಗಿ ಕೈಯಿಟ್ಟರೆ ಸಾಕು, ಅಂಗೈ ಸುಡುತ್ತದೆ, ಸ್ವಿಚ್ಚು ಆರಿಸುತ್ತಾನೆ, ಪಂಪೂ ಉಳಿಯಿತು ಅವನೂ ಉಳಿದ, ಏಳು ಮಾವ, ಅವಳ ತುಟಿ ಅಲುಗಿತೇ, ಕ್ಯಾಪ್ಟನ್ ನೋಡಿದನೇ, ದ್ರೋಹ ಇದು, ಗೊತ್ತು, ಏಳು, ಮೊದಲಿನ ಹಾಗೆ ಗೊಣಗಿಕೊಂಡು ಏಳು, ನಿನ್ನ ಸೊಂಟ ನೋಯಲಿ, ಸ್ವೆಟರು ಹಾಕಿಕೋ, ಏಳು. ಫೋನು ಬಂತು ಅವನಿಗೆ. ಎತ್ತಿಕೊಂಡ. ಊರಿನಿಂದಲೇ ಇರಬೇಕು, ನಲ್ಲಿಯಲ್ಲಿ ನೀರಿಲ್ಲ ಅನ್ನುತ್ತಿರಬೇಕು, ಮಾವನ ಹುಬ್ಬು ಮೇಲೇರುತ್ತದೆ, ಒಂದು ಕೈ ಕುರ್ಚಿಯ ಹಿಡಿಗೆ ಬರುತ್ತದೆ, ಏಳುತ್ತಾನೆ, ಅರ್ಧ ಎದ್ದೇಬಿಟ್ಟ, ಹೋಗು ಹೋಗು, ಮತ್ತೆ ಅವನ ಕಣ್ಣು ಪರದೆಯ ಕಡೆ ಹೊರಳುತ್ತದೆ, ಕೂರುತ್ತಾನೆ. ನಗುತ್ತಾನೆ. ಇಲ್ಲ ಇಲ್ಲ ಅಂತ ತಲೆಯಾಡಿಸುತ್ತಾನೆ, ಬೆರಳು ಚಾಚಿ ಗಾಜಿನ ಮೇಲೆ ಇಡುತ್ತಾನೆ, ಹಸಿರು ಗೆರೆಯ ಮೇಲೆ, ಫೋನಿನಲ್ಲಿರುವವನಿಗೂ ಅದು ಕಾಣುತ್ತಿದೆ ಎನ್ನುವ ಹಾಗೆ. ಇವನಿನ್ನು ಏಳೋದಿಲ್ಲ, ಶಹಬ್ಬಾಸ್, ಅಂದರು ಕರ್ನಲ್, ಎಲ್ಲೋ ದೂರದಲ್ಲೆಂಬಂತೆ. ಮಾವ ಬೆರಳನ್ನು ಗೆರೆಯ ಗುಂಟ ಎಳೆಯುತ್ತಾನೆ, ನೋಡಿ, ಎಲ್ಲಾ ಸರಿಯಾಗಿದೆ, ತುದಿಗೆ ಬಂದ ಬೆರಳನ್ನು ಮತ್ತೆ ಮೊದಲಿಗೆ ತಂದಿಡುತ್ತಾನೆ, ಉಗುರಿನ ಬದಿಯಲ್ಲಿ ಗ್ರೀಸಿನ ಕಪ್ಪು, ಬೆರಳ ಕೆಳಗೆ ಹಸಿರು, ಮತ್ತೆ ಎಳೆಯುತ್ತಾನೆ, ಅವಳು ತಿದ್ದಿಕೊಟ್ಟ ಗೆರೆ, ಅದರ ಮೇಲೆ ಬೆರಳು, ಬೆರಳು,